ಶಟರಿಗೆ ಹಚ್ಚಿದ ವಿಭೂತಿ

೧ ಅಕ್ಟೋಬರ್ ೨೦೨೫, ಬುಧವಾರ. ಆಯುಧಪೂಜೆ.

ಪೂಜೆ ಮುಗಿಸಿ ಕಾರು ಶೆಡ್ಡಿಗೆ ಹಾಕಿ ಇವರು ರಿಮೋಟ್ ಒತ್ತಿದ್ರೆ, ಶಟರ್ ಒಂಚೂರು ಇಳಿದು ಮತ್ತೆ ಮೇಲಕ್ಕೇ ಹೋಗ್ತಿತ್ತು. "ಹಬ್ಬದ ದಿನಾನೇ ಇದರ ಹಟ ನೋಡು" ಅಂತ ಒಳಗಿನ ಗೋಡೆ ಸ್ವಿಚ್ಚನ್ನ ಒತ್ತಿ ಹಿಡಿದೇಬಿಟ್ರು; ಹಂಗೆ ಹಿಡಿದ್ರೆ ಅಡ್ಡ ಏನಿದ್ರೂ ಶಟರ್ ಇಳೀತೈತೆ. ಕಾರಿನ ಹಿಂದೆ, ಇವರಿಗೆ ಕಾಣದಂಗೆ, ಬಾಗಿಲಲ್ಲಿ ನಮ್ಮ ಆರು ವರ್ಷದ ತನುಶ್ರೀ ಬೋರಲು ಮಲಗಿ, ಒಡೆದ ಕುಂಬಳಕಾಯಿಯೊಳಗಿನ ಚಿಲ್ಲರೆ ಆರಿಸ್ತಿದ್ಲು.

"ಅಶ್ವಥಾ, ಬಿಡೋ! ಕೆಳಗೆ ಕೂಸೈತೆ!" ಅತ್ತೆ ಚೀರಿದ್ರು. ಇವರು ಸ್ವಿಚ್ಚು ಬಿಟ್ರು; ತನುಶ್ರೀ ಬೆನ್ನಿಗೆ ಒಂದು ಗೇಣು ಇರುವಾಗ ಶಟರ್ ನಿಂತಿತು.

ಇವರನ್ನ ಬಾಯಿಗೆ ಬಂದಂಗೆ ಬೈದೆ.

ಸಂಜೆ ಕಸ ಗುಡಿಸುವಾಗ ಕಂಡೆ. ಯಾರಾದ್ರೂ ಅಡ್ಡ ಬಂದ್ರೆ ಶಟರ್ ತಡೆಯೋ ಸೆನ್ಸರಿನ ಗಾಜಿನ ಮೇಲೆ ವಿಭೂತಿ, ನಡುವೆ ಕುಂಕುಮ. ಗಾಜು ಮುಚ್ಚಿದ್ದಕ್ಕೇ ಶಟರ್ ಇಳಿಯದೆ ಹಟ ಮಾಡಿದ್ದು. ಬೆಳಿಗ್ಗೆ ಹಚ್ಚಿದೋಳು ನಾನೇ. ಸೆರಗಿನಿಂದ ಒರೆಸಿಬಿಟ್ಟೆ. ಯಾರಿಗೂ ಹೇಳಿಲ್ಲ.

ಇವರು ಇನ್ನೂ ಉಂಡಿಲ್ಲ.