ಹೊಸ್ತಿಲು ನೋಡಿ ಗಾಡಿ ಕೊಳ್ಳು

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ನನ್ನ ಗುಬ್ಬೀ,

ನಿನ್ನ ಕಾಗದ, ಅದರ ಜೊತೆಗಿದ್ದ ನಾಲ್ಕು ಫೋಟೋ, ಎಲ್ಲ ಸೋಮವಾರವೇ ಕೈಸೇರಿದವು. ಉತ್ತರ ಬರೆಯಲು ಕೂರುವುದಕ್ಕೆ ಮೂರು ದಿನ ಬೇಕಾಯಿತು. ಕೆಲಸ ಹೆಚ್ಚಿತ್ತು ಅಂತ ನೆಪ ಹೇಳಬಹುದಿತ್ತು. ಆದರೆ ಕಾರಣ ಅದಲ್ಲ, ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲಿನ ರೆಕ್ಸಿನ್ ಸುರುಳಿಯನ್ನು ಪಕ್ಕಕ್ಕೆ ತಳ್ಳಿ ಬರೆಯುತ್ತಿದ್ದೇನೆ. ಹಾಳೆಗೆ ಸೀಮೆಸುಣ್ಣದ ಪುಡಿ ಅಂಟಿದ್ದರೆ ಒದರಿಕೋ.

ಮೊದಲು ನಕ್ಕೆ, ಸುಳ್ಳೇಕೆ ಹೇಳಲಿ. ದಿನವಿಡೀ ಲಿಫ್ಟಿನ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಓಡಾಡಿ, ಹಗ್ಗ ಸರಿಯಿದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ತಪಾಸಣೆ ಮಾಡಿ ಸಹಿ ಹಾಕುವವಳು ನೀನು. ನಿನಗೆ ಈಗ ತಲೆಯ ಮೇಲೆ ಮಾಡೇ ಇಲ್ಲದ ತೆರೆದ ಕಾರಿನ ಹುಚ್ಚು ಹಿಡಿದಿದೆ. ಅದೂ ನಿನಗಿಂತ ಇಪ್ಪತ್ತು ವರ್ಷ ಹಿರಿಯದು! ನಮ್ಮ ಕಾರು ರಿಪೇರಿ ಶೆಡ್ಡಿನ ಗಾಳಿ ನಿನಗೆ ತಾಗಲೇ ಇಲ್ಲ ಎಂದುಕೊಂಡಿದ್ದೆ. ತಾಗಿದೆ ಎಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಅಪ್ಪನಿಗೆ ಹೇಳ್ಬೇಡ, ಅವರ ಸಲಹೆ ನಂಗೆ ಬೇಡ" ಎಂದು ಅಡಿಗೆರೆ ಎಳೆದು ಬರೆದಿದ್ದೀಯ. ಹೇಳಿಲ್ಲ. ನಿಶ್ಚಿಂತೆಯಿಂದ ಓದು.

ಈಗ ನಿನ್ನ ಕೆಂಪು ಸುಂದರಿಯ ವಿಷಯ. ನಾಲ್ಕೂ ಫೋಟೋ ಬಲಗಡೆಯಿಂದಲೇ ತೆಗೆದವು. ಎಡಗಡೆ ಏನು, ನೆಂಟರ ಮನೆಗೆ ಹೋಗಿತ್ತಾ? ಮಾರುವವರು ನಿವೃತ್ತ ಹಲ್ಲಿನ ಡಾಕ್ಟರು, "ಒಂದೇ ಕೈಯಲ್ಲಿ ಓಡಿದ ಗಾಡಿ" ಎಂದರಂತೆ. ಒಳ್ಳೆಯವರೇ ಇರಬಹುದು. ಆದರೆ ಹುಳುಕಿಗೆ ಏನೋ ತುಂಬಿ ಮೇಲೆ ಹೊಳಪು ಕೊಡುವುದೇ ಅವರ ಜೀವಮಾನದ ಕಸುಬಾಗಿತ್ತು ಎನ್ನುವುದನ್ನು ಮರೆಯಬೇಡ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತನ್ನು ನಮ್ಮ ಹಿರಿಯರು ಹಳೆಯ ಕಾರು ನೋಡಿಯೇ ಮಾಡಿರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಮೊದಲು ನೋಡಿದ ಗಾಡಿಯನ್ನೇ ಕೊಂಡುಬಿಡಬೇಡ. ಕೊನೆಗೆ ಇದನ್ನೇ ತೆಗೆದುಕೊಂಡರೂ ಸರಿ, ಇನ್ನೆರಡನ್ನು ನೋಡಿ ಬಾ. ಇಂಥ ಗಾಡಿಗಳು ಜಾಹೀರಾತಿಗಿಂತ ಬಾಯಿಮಾತಿನಲ್ಲಿ ಸಿಗುವುದೇ ಹೆಚ್ಚು. ಹಳೆಯ ಟೈರ್ ಅಂಗಡಿಯವರನ್ನು ಕೇಳು. ಯಾರ ಮನೆಯಲ್ಲಿ ಯಾವ ಗಾಡಿ ಬಟ್ಟೆ ಹೊದ್ದು ಮಲಗಿದೆ ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಮಾಲೀಕರ ಹೆಂಡಿರಿಗೂ ಗೊತ್ತಿರುವುದಿಲ್ಲ.

ನೋಡಲು ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡು. ಬೆಚ್ಚಗಿದ್ದರೆ ನೀನು ಬರುವ ಮುಂಚೆಯೇ ಎಂಜಿನ್ ಓಡಿಸಿ ಇಟ್ಟಿದ್ದಾರೆ ಎಂದರ್ಥ, ತಣ್ಣಗಿದ್ದಾಗ ಅದು ಹಟ ಮಾಡುತ್ತಿರಬೇಕು. ಒಂದು ಗಂಟೆ ಎಲ್ಲಾದರೂ ಸುತ್ತಾಡಿ ಮತ್ತೆ ಹೋಗು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಮೈ ನೋಡು. ಕೆನೆಯಂಥ ಬಿಳಿ ಪದಾರ್ಥ ಮೆತ್ತಿಕೊಂಡಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು, ಕೈಮುಗಿದು ಹೊರಟುಬಿಡು. ಹೊಗೆ ನೀಲಿಯಾಗಿ ಬಂದು ನಿಲ್ಲದಿದ್ದರೆ ಅದು ಆಯಿಲ್ ಕುಡಿಯುತ್ತಿದೆ. ಆದರೆ ಎಂಜಿನ್ ಸದ್ದು ಮಾಡಿತು ಎಂದು ಮಾತ್ರ ಹೆದರಬೇಡ, ಎಂಜಿನ್ನನ್ನು ಬಿಚ್ಚಿ ರಿಪೇರಿ ಮಾಡಬಹುದು. ಚಾಸಿಯ ಮೇಲೆ ಕೊರೆದ ನಂಬರೂ ಕಾಗದಪತ್ರದ ನಂಬರೂ ಒಂದೇ ಇರಬೇಕು. ಒಂದಂಕೆ ಆಚೀಚೆಯಾದರೂ ಬೇಡ.

ಟಾಪು, ಅಂದರೆ ಮೇಲೆ ಮಡಚಿ ಬಿಡಿಸುವ ಬಟ್ಟೆಯ ಹೊದಿಕೆ, ಅದನ್ನು ಹೊಲಿಯುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಚೂರು ಕೊಚ್ಚಿಕೊಳ್ಳುತ್ತೇನೆ. ಹಗಲಲ್ಲಿ ಟಾಪು ಹಾಕಿಸಿ, ಗಾಜು ಏರಿಸಿ, ಒಳಗೆ ಕೂತು ಮೇಲೆ ನೋಡು. ಹೊಲಿಗೆಯ ಸಾಲಿನಲ್ಲಿ ಬೆಳಕಿನ ಚುಕ್ಕಿ ಕಂಡರೆ ಮಳೆ ನಿನ್ನ ತೊಡೆಯ ಮೇಲೇ ಬೀಳುತ್ತದೆ. ಬಟ್ಟೆ ಹಾಳಾಗಿದ್ದರೆ ಚಿಂತೆಯಿಲ್ಲ, ನಾನಿದ್ದೇನೆ. ಆದರೆ ಮಡಚುವ ಕಬ್ಬಿಣದ ಕಡ್ಡಿಗಳು ಸೊಟ್ಟಗಾಗಿದ್ದರೆ ಅವು ಎಲ್ಲೂ ಸಿಗುವುದಿಲ್ಲ. ಟಾಪನ್ನು ನೀನು ಮಡಚಬೇಡ, ಡಾಕ್ಟರ ಕೈಯಲ್ಲೇ ಮಡಚಿಸು. ಹತ್ತು ವರ್ಷದಿಂದ ತೆರೆಯದ ಟಾಪು ಆಗಿದ್ದರೆ ಅವರ ಹಣೆಯ ಬೆವರು ಹೇಳುತ್ತದೆ. ಆಮೇಲೆ ಕಾರ್ಪೆಟ್ಟಿಗೆ ಮೂಗು ಹಚ್ಚಿ ಮೂಸು, ನಾಚಿಕೆ ಬೇಡ. ಮುಗ್ಗಲು ವಾಸನೆ ಬಂದರೆ ಕೆಳಗೆ ನೀರು ನಿಂತಿದೆ, ನೀರು ನಿಂತಲ್ಲಿ ತುಕ್ಕು ಇದ್ದೇ ಇರುತ್ತದೆ.

ಇಲ್ಲಿಗೆ ಬಂದು ಪೆನ್ನು ಕೆಳಗಿಟ್ಟೆ. ಚಹಾ ಕುಡಿದು ಬಂದೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಈಗ ಬರೆಯಬೇಕು.

ಮಾಡು ಇರುವ ಕಾರಿನಲ್ಲಿ ಭಾರವನ್ನು ಮಾಡೂ ಅಷ್ಟಿಷ್ಟು ಹೊರುತ್ತದೆ. ತೆರೆದ ಕಾರಿಗೆ ಆ ಭಾಗ್ಯವಿಲ್ಲ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿಯಿದೆಯಲ್ಲ, ಅದೇ ಅದರ ಬೆನ್ನುಮೂಳೆ. ನಮ್ಮ ಶೆಡ್ಡಿನಲ್ಲಿ ಅದನ್ನು ಹೊಸ್ತಿಲು ಎನ್ನುತ್ತೇವೆ. ಹೊಸ್ತಿಲು ತುಕ್ಕು ತಿಂದಿದ್ದರೆ ಗಾಡಿ ನಡುವಿನಲ್ಲಿ ಜಗ್ಗುತ್ತದೆ. ಇಬ್ಬರು ಒಳಗೆ ಕೂತು ಬಾಗಿಲು ತೆರೆದು ಮುಚ್ಚಿ ನೋಡಬೇಕು. ಖಾಲಿ ಇದ್ದಾಗ ಸಲೀಸಾಗಿ ಮುಚ್ಚಿದ ಬಾಗಿಲು, ಜನ ಕೂತಾಗ ಉಜ್ಜಿದರೆ ಬೇಡವೇ ಬೇಡ. ಒಂದು ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಹೊಸ್ತಿಲ ಉದ್ದಕ್ಕೂ ಆಡಿಸು. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿರುವುದು ತಗಡಲ್ಲ, ಪುಟ್ಟಿ. ಗೋಡೆಗೆ ಮೆತ್ತಿದ ಹಾಗೆ ಮೆತ್ತಿ, ಉಜ್ಜಿ, ಬಣ್ಣ ಹೊಡೆದುಬಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ.

ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ನೀನು ಅಪ್ಪನೊಡನೆ ಮಾತು ಬಿಡಲು ಕಾರಣವಾದ ಆ ಹಸಿರು ಗಾಡಿಯ ಹೊಸ್ತಿಲಿಗೆ ಹಾಗೆ ಪುಟ್ಟಿ ತುಂಬಿದವಳು ನಾನು.

ಇನ್ನೊಮ್ಮೆ ಓದಿಕೋ. ನಿಮ್ಮಪ್ಪ ಅಲ್ಲ, ನಾನು.

ಹನ್ನೊಂದು ವರ್ಷದ ಹಿಂದೆ ಆ ಗಾಡಿ ಸೀಟಿನ ಕೆಲಸಕ್ಕೆಂದು ಬಂದಾಗ ನಿಮ್ಮಪ್ಪ ಊರಲ್ಲಿರಲಿಲ್ಲ. ನಿನ್ನ ಸೋದರತ್ತೆಗೆ ಆಪರೇಷನ್ ಆಗಿ ಹತ್ತು ದಿನ ಅವಳ ಊರಲ್ಲೇ ಇದ್ದರು, ನಿನಗೆ ಆಗ ಪರೀಕ್ಷೆ. ಹಳೆ ಕಾರ್ಪೆಟ್ಟು ಕಿತ್ತಾಗ ಹೊಸ್ತಿಲಿನಲ್ಲಿ ನನ್ನ ಅಂಗೈ ತೂರುವಷ್ಟು ತೂತು. ಮಾಲೀಕರಿಗೆ ತೋರಿಸಿದೆ. ಅವರು, "ಹಾಗಾದ್ರೆ ಯಜಮಾನ್ರು ಬರ್ಲಿ ಬಿಡಿ, ಇದೆಲ್ಲ ಸೂಜಿ ಹಿಡಿಯೋರಿಂದ ಆಗಲ್ಲ" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಾಗಲೇ ಇಪ್ಪತ್ತು ವರ್ಷ ಆ ಶೆಡ್ಡಿನಲ್ಲಿ ನಿಮ್ಮಪ್ಪನ ಸರಿಸಮ ದುಡಿದಿದ್ದೆ, ಬೋರ್ಡಿನ ಮೇಲೆ ಹೆಸರು ಅವರೊಬ್ಬರದೇ. "ಶನಿವಾರ ಬಂದು ಗಾಡಿ ತಗೊಂಡ್ಹೋಗಿ" ಎಂದುಬಿಟ್ಟೆ.

ಬಟ್ಟೆ ಹರಿದರೆ ಹಿಂದಿನಿಂದ ತೇಪೆ ಕೊಟ್ಟು ಹೊಲಿಯುವ ಕೈ ನನ್ನದು. ತಗಡಿಗೂ ಹಾಗೇ ಮಾಡಿದೆ. ಹಳೆ ಪೇಪರ್ ತುರುಕಿ, ಜಾಲರಿ ಅಂಟಿಸಿ, ಪುಟ್ಟಿ ಮೆತ್ತಿ, ಹಸಿರು ಬಣ್ಣ ಕೊಟ್ಟು, ಮೇಲೆ ಹೊಸ ಕಾರ್ಪೆಟ್ಟು ಬಿಗಿದೆ. ನೋಡಲು ಎಷ್ಟು ಚಂದ ಆಗಿತ್ತು ಗೊತ್ತಾ! ಮಾಲೀಕರು ಬಾಯಿತುಂಬ ಹೊಗಳಿ ಹೋದರು. ಈ ಸಾಲಿನ ಕೊನೆಗೆ "ಅದು ಭಾರ ತಡೆಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ" ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು, ಗೀಚಿದ್ದು ಕಾಣುತ್ತದೆ. ಗೊತ್ತಿತ್ತು. ನಿಮ್ಮಪ್ಪ ಬರುವವರೆಗೆ ತಡೆದರೆ ಸಾಕು, ಆಮೇಲೆ ಹೇಳಿ ಸರಿಮಾಡಿಸೋಣ ಎಂದುಕೊಂಡೆ. ಅವರು ಬಂದ ಮೇಲೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ವಾರ ತಳ್ಳಿದೆ.

ಮುಂದಿನದು ನಿನಗೇ ಗೊತ್ತು. ಪುಟ್ಟಿ ಬಿಟ್ಟು ಗಾಡಿ ಜಗ್ಗಿ, ತಿರುವಿನಲ್ಲಿ ಬಾಗಿಲು ತೆರೆದುಕೊಂಡು ಮಾಲೀಕರ ಹೆಂಡತಿ ಹೊರಗೆ ಬಿದ್ದರು. ತೋಳು ಮುರಿಯಿತು, ಆರು ವಾರ ಪ್ಲಾಸ್ಟರು. ಇನ್ನೂ ಏನೇನೋ ಆಗಬಹುದಿತ್ತು. ಆ ಮನುಷ್ಯ ಶೆಡ್ಡಿನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದಾಗ ನಿಮ್ಮಪ್ಪ ಬಗ್ಗಿ ಹೊಸ್ತಿಲನ್ನು ಒಮ್ಮೆ ನೋಡಿದರು. ಪುಟ್ಟಿಯ ಮೇಲಿನ ಬೆರಳ ಗುರುತು ಯಾರದೆಂದು ಅವರಿಗೆ ಹೇಳಬೇಕೇ? ಎದ್ದು ನಿಂತು, "ತಪ್ಪು ನಂದೇ" ಎಂದರು. ನೀನು ಕಾಲೇಜಿನಿಂದ ಬಂದವಳು ಗೇಟಿನಲ್ಲೇ ನಿಂತಿದ್ದೆ. "ನೀವೇ ಮಾಡಿದ್ದಾ ಅಪ್ಪಾ?" ಎಂದು ಕೇಳಿದೆ. "ಶೆಡ್ಡು ನಂದು" ಎಂದರೇ ಹೊರತು ಹೌದೆನ್ನಲಿಲ್ಲ. ನೀನು ಅದನ್ನು ಹೌದೆಂದೇ ತಿಳಿದೆ. ನಾನು ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

ನಿಮ್ಮಪ್ಪ ಆ ಗಾಡಿಯನ್ನು ವಾಪಸು ತಂದು ಎರಡೂ ಹೊಸ್ತಿಲು ಕತ್ತರಿಸಿ ಹೊಸ ತಗಡು ಹಾಕಿ, ತಿಂಗಳಿಡೀ ದುಡಿದು ಕೊಟ್ಟರು. ಆದರೇನು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲಿಲ್ಲ. ನಿನ್ನ ಕಣ್ಣಲ್ಲಿ ಹೋದ ಮಾನವೇ ಅವರಿಗೆ ಹೆಚ್ಚು ನೋವು ಕೊಟ್ಟಿದ್ದು. ನಿನಗೆ ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಟಾಗ ತಡೆದವರು ಅವರೇ. "ಇಬ್ರ ಮೇಲೂ ಸಿಟ್ಟು ಮಾಡ್ಕೊಂಡ್ರೆ ಮಗು ಎಲ್ಲಿಗೆ ಹೋಗುತ್ತೆ? ನೀನೊಬ್ಳಾದ್ರೂ ಅವಳಿಗೆ ಇರು" ಎಂದರು. ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪಿದ್ದು ನಿನಗಾಗಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೆ ಹೆದರಿಕೆಯಿತ್ತು. ಹನ್ನೊಂದು ವರ್ಷ ನಿನ್ನ ಕಾಗದ, ಫೋನು, ಹಬ್ಬಹರಿದಿನಕ್ಕೆ ಕಳಿಸಿದ ಶಾಲು, ಎಲ್ಲ ನನಗೇ ಬಂತು. ಫೋನೆತ್ತಿದವರು ಅಪ್ಪ ಎಂದು ತಿಳಿದರೆ "ಅಮ್ಮಂಗೆ ಕೊಡಿ" ಎನ್ನುವ ಎರಡೇ ಮಾತು ನಿನ್ನದು. ಅವರ ಪಾಲಿನ ಪ್ರೀತಿಯನ್ನೂ ನಾನೇ ಉಂಡೆ ಮಗಳೇ. ಅರಗಲಿಲ್ಲ.

ಈಗ ಯಾಕೆ ಹೇಳುತ್ತಿದ್ದೀಯ ಎಂದು ಕೇಳುತ್ತೀಯ. ನೀನು ಸಲಹೆ ಕೇಳಿದೆ. ಹೊಸ್ತಿಲಿನ ಮಾತು ಬಿಟ್ಟು ತೆರೆದ ಗಾಡಿಯ ಬಗ್ಗೆ ಸಲಹೆ ಕೊಟ್ಟರೆ ನಾನು ಇನ್ನೊಂದು ಸಲ ಪುಟ್ಟಿ ಮೆತ್ತಿದ ಹಾಗೆ, ಅದೂ ನೀನು ಕೂರುವ ಗಾಡಿಗೆ. ಹೊಸ್ತಿಲಿನ ಮಾತು ಬರೆದು ಇದನ್ನು ಮುಚ್ಚಿಡಲು ಮೂರು ದಿನ ಪ್ರಯತ್ನಿಸಿದೆ, ಕೈ ಏಳಲಿಲ್ಲ.

ಬೈಯಬೇಕೆನಿಸಿದರೆ ಬೈದು ಬರಿ. ಏನೂ ಬರೆಯಬೇಡ ಅನ್ನಿಸಿದರೂ ತಾಳಿಕೊಳ್ಳುತ್ತೇನೆ. ಆದರೆ ಗಾಡಿಯ ಆಸೆ ಬಿಡಬೇಡ. ಹೊಸ್ತಿಲು ಕೆಟ್ಟಿದ್ದರೂ ಉಳಿದದ್ದು ಗಟ್ಟಿಯಿದ್ದರೆ ಹೆದರುವ ಅಗತ್ಯವಿಲ್ಲ, ಕೆಟ್ಟಿದೆ ಎಂದು ಗೊತ್ತಿದ್ದು ಕೊಂಡರೆ ಸಾಕು. ಕೊಳೆತದ್ದನ್ನು ಪೂರ್ತಿ ಕತ್ತರಿಸಿ ತೆಗೆದು, ಗಟ್ಟಿ ತಗಡಿನವರೆಗೂ ಹೋಗಿ, ಅಲ್ಲಿಂದ ಹೊಸದನ್ನು ಬೆಸೆದರೆ ಆ ಗಾಡಿ ಇನ್ನೂ ನಲವತ್ತು ವರ್ಷ ಓಡುತ್ತದೆ. ಅಂಥ ಕೈ ನಮ್ಮ ಮನೆಯಲ್ಲಿದೆ, ಅದು ಯಾರದೆಂದು ಈಗ ನಿನಗೆ ಗೊತ್ತು. ಟಾಪಿಗೆ ಯಾವ ಬಣ್ಣ ಬೇಕೆಂದು ತಿಳಿಸು. ಕೆಂಪಿನ ಮೇಲೆ ಕಪ್ಪು ಎಲ್ಲರೂ ಹಾಕುತ್ತಾರೆ, ನಾನಾದರೆ ಜೇನಿನ ಬಣ್ಣ ಹಾಕುತ್ತಿದ್ದೆ.

ತಪ್ಪು ಮಾಡಿದ, ನಿನ್ನನ್ನು ಬಹಳ ಪ್ರೀತಿಸುವ,
ಅಮ್ಮ

ತಾ.ಕ.: ಅಪ್ಪನಿಗೆ ಹೇಳಿಲ್ಲ ಎಂದು ಬರೆದದ್ದು ಸುಳ್ಳು. ಎಂಜಿನ್ನಿನ ಬಗ್ಗೆ ಇರುವಷ್ಟನ್ನೂ ಅವರೇ ಹೇಳಿ ಬರೆಸಿದರು, "ನನ್ನ ಹೆಸರು ಹಾಕ್ಬೇಡ, ಕಾಗದ ಹರಿದು ಹಾಕ್ತಾಳೆ" ಎಂದರು. ಹೊಸ್ತಿಲಿನ ಮಾತು ಬಂದಾಗ ಏನೋ ನೆಪ ಹೇಳಿ ಎದ್ದು ಹೋದರು. ಲಕೋಟೆ ಅಂಟಿಸುವ ಮುಂಚೆ ಅವರಿಗೆ ಓದಲು ಕೊಟ್ಟೆ. ಎರಡು ಸಲ ಓದಿದರು. ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ನನ್ನ ಮುಖ ನೋಡದೆ, ನೀನು ಬರೆದಿದ್ದ ಹಾಗೆ ಈ ತಿಂಗಳ ಕೊನೆಯ ಭಾನುವಾರ ಗಾಡಿ ನೋಡಲು ಆ ಡಾಕ್ಟರ ಮನೆಗೆ ಎಷ್ಟು ಗಂಟೆಗೆ ಹೋಗುತ್ತೀಯೆಂದು ಕೇಳಿದರು. ಇಬ್ಬರೂ ಬರೋಣ ಎನ್ನುವ ಆಸೆಯೇನೋ ಇದೆ. ಆದರೆ ಒಬ್ಬರ ಮುಖ ನೋಡುವಷ್ಟೇ ಮನಸ್ಸಿದ್ದರೆ ಸಂಕೋಚಪಡದೆ ಒಂದು ಸಾಲು ಬರಿ. ಹೇಗೂ ಅದು ಎರಡೇ ಸೀಟಿನ ಗಾಡಿ. ಅವರನ್ನು ಕಳಿಸುತ್ತೇನೆ.