ಸೀತನಿ ತಿಂದ ದಿನ

ಕುರುಡುತೆನೆಯ ಹತ್ತೊಂಬತ್ತನೆಯ ವರ್ಷ, ಎಳ್ಳಮಾವಾಸ್ಯೆ ಮುಗಿದ ಮೇಲೆ, ಡೋಣಿ ಹೊಳೆಯ ದಂಡೆಯಿಂದ.

ಹಿಂದಿನ ಕಾಲದ ಹಿರಿಯರಿಗೆ ತಿಪ್ಪವ್ವ ಮಾಡುವ ಶರಣು. ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೆ ಇದನ್ನು ಓದುವಾಗ ನೀವು ಹರೆಯದವರು, ಬರೆಯುವ ನಾನು ಹಲ್ಲುದುರಿದ ಮುದುಕಿ. ಆದ್ದರಿಂದ ಬೈಯುವ ಹಕ್ಕು ನನಗುಂಟು. ನನ್ನ ಸಾಲೆ ಮೂರನೆಯ ಇಯತ್ತೆಗೇ ಮುಗಿಯಿತು. ಅಕ್ಷರ ಸೊಟ್ಟಗಿದ್ದರೆ, ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮವು ತುಂಬಿದ ಹೊಟ್ಟೆಗಳು, ಇಷ್ಟು ಹಿಡಿಸೀತು.

ಕುರುಡುತೆನೆ ಎಂದರೆ ಬರವಲ್ಲ. ಮಳೆ ಬರುತ್ತದೆ, ಜೋಳದ ದಂಟು ಆಳೆತ್ತರ ಬೆಳೆಯುತ್ತದೆ, ತೆನೆಯೂ ಹೊರಬೀಳುತ್ತದೆ. ಬಿಡಿಸಿದರೆ ಒಳಗೆ ಬರೀ ಹೊಟ್ಟು. ನೀವು ಮನೆಮನೆಯ ಬೀಜ ಬಿಟ್ಟು ನಾಡಿಗೆಲ್ಲ ಒಂದೇ ತಳಿ ಬಿತ್ತಿದಿರಿ. ರೋಗ ಬರುವುದು ತಡವಾಯಿತು, ಬಂದಾಗ ಅದಕ್ಕೆ ಎಲ್ಲ ಹೊಲದ ದಾರಿಯೂ ಗೊತ್ತಿತ್ತು. ಮೊದಲು ಕಾಳಿನ ಬೆಲೆ ಏರಿತು, ಆಮೇಲೆ ರೊಕ್ಕಕ್ಕೇ ಬೆಲೆ ಹೋಯಿತು, ಕೊನೆಗೆ ಪೊಲೀಸರೂ ಕೂಳು ಹುಡುಕಿಕೊಂಡು ಊರು ಬಿಟ್ಟರು. ಈಗ ನಾವು ಜಾಲಿಕಾಯಿ ಒಣಗಿಸಿ, ಕುಟ್ಟಿ, ರೊಟ್ಟಿ ಬಡಿಯುತ್ತೇವೆ. ಹಗಲು ಒಲೆ ಹಚ್ಚುವುದಿಲ್ಲ. ಹೊಗೆಗಳ್ಳರು, ಎಂದರೆ ಹೊಗೆ ಎದ್ದ ಕಡೆಗೆ ಕೊಡಲಿ ಹಿಡಿದು ಬರುವವರು, ಈ ಬಯಲಿನಲ್ಲಿ ಬಲು ದೂರ ನೋಡುತ್ತಾರೆ. ನನ್ನ ತಂಗಿಯ ಗಂಡನೂ ಅವರಲ್ಲಿದ್ದಾನೆ. ಹಿಂದೆ ಬ್ಯಾಂಕಿನಲ್ಲಿದ್ದ; ಆಗಲೂ ಮನೆ ಜಪ್ತಿ ಮಾಡುವುದೇ ಅವನ ಕೆಲಸ.

ಕಳೆದ ಮಳೆಗೆ ಬಿದ್ದ ಗೋಡೆಯೊಳಗೆ ಒಂದು ಗಡಿಗೆ ಸಿಕ್ಕಿತು. ಯಾವಳೋ ಪುಣ್ಯಾತಗಿತ್ತಿ ಬೂದಿಯಲ್ಲಿ ಹುಗಿದಿಟ್ಟ ಹಳೆಯ ಜೋಳ. ಅಷ್ಟನ್ನೂ ಬಿತ್ತಿದೆವು. ಹೆಚ್ಚಿನದು ಸತ್ತಿತ್ತು, ಕೌದಿ ಹಾಸುವಷ್ಟು ನೆಲದಲ್ಲಿ ಮಾತ್ರ ಮೊಳಕೆ ಬಂತು. ಕಾಯುವ ಕೆಲಸ ನನಗೆ ಕೊಟ್ಟರು, ನನ್ನ ಬಾಯಿಗೆ ಹಕ್ಕಿಯೂ ಹೆದರುತ್ತದೆಂದು. ಆ ಹಳೆಯ ತಳಿಗೆ ರೋಗ ತಗಲಲಿಲ್ಲ, ತೆನೆಯಲ್ಲಿ ಹಾಲು ತುಂಬಿತು. ಇನ್ನಷ್ಟು ದಿನ ಬಿಟ್ಟಿದ್ದರೆ ಹಾಲು ಗಟ್ಟಿಯಾಗಿ ಬೀಜವಾಗುತ್ತಿತ್ತು.

ಆಗ ಮೊಮ್ಮಗಳು ನಿಂಬೆವ್ವ ಬಂದಳು, ತುಂಬಿದ ಬಸುರಿ.

"ಆಯಿ, ನನಗ ಸೀತನಿ ತಿನಬೇಕನಸೇತಿ."

ಹಾಲುತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿದ ಕಾಳೇ ಸೀತನಿ. ಅವಳು ಹುಟ್ಟಿದ ಮೇಲೆ ಯಾರೂ ಅದನ್ನು ಕಂಡಿಲ್ಲ.

"ಕತಿ ಕೇಳಿ ಬಯಕಿ ಬಂತೇನ? ಮಣ್ಣ ತಿನ್ನು, ಅದೂ ಬಸುರೇರು ತಿನ್ನೂದ," ಎಂದೆ.

ಊರ ಹಿರಿಯ ಯಮನಪ್ಪ ಅಡ್ಡ ಬಂದ. "ತಿಪ್ಪವ್ವಾ, ಬಸುರಿ ಬಾಯಿಬಿಟ್ಟು ಕೇಳ್ಯಾಳ. ಇಲ್ಲಂದ್ರ ಕೂಸಿನ ಕಿವಿ ಸೋರತಾವ. ಒಂದ ತೆನಿ, ಅಷ್ಟ."

"ಉಪಾಸ ಸಾಯೂ ಕೂಸಿಗಿ ಕಿವಿ ಸೋರಿದ್ರೇನು, ಬಿಟ್ರೇನೋ ಮುದಿಯಾ!"

ಒಂದೇ ತೆನೆ ಸುಟ್ಟರು. ಅದರ ವಾಸನೆ ಊರೊಳಗೆ ಹೋಯಿತು. ಜಗಳವಾಗಲಿಲ್ಲ, ಯಾರೂ ಕದಿಯಲಿಲ್ಲ. ಬಂದವರೆಲ್ಲ ಕೈಮುಗಿದು, "ಒಂದ ತೆನಿ, ಆಯಿ," ಎಂದರು. ಹೊಲಕ್ಕೆ ಬಂದವರನ್ನು ಸೀತನಿ ಕೊಡದೆ ಕಳಿಸಬಾರದೆಂಬ ರೂಢಿ ಒಮ್ಮೆಲೇ ನೆನಪಾಯಿತು, ಸತ್ತವರನ್ನು ಹೂಳುವ ರೂಢಿಯನ್ನೂ ಮರೆತಿದ್ದ ಜನಕ್ಕೆ. ನಾನು ಸಾಲಿಗೆ ಅಡ್ಡ ಮಲಗಿದೆ. ಮರ್ಯಾದೆಯಿಂದಲೇ ಎತ್ತಿ ಬದುವಿನ ಮೇಲೆ ಕೂರಿಸಿದರು. ನಡುಮಧ್ಯಾಹ್ನ ಬೆಂಕಿ ಉರಿಯಿತು, ಹೊಗೆ ಎದ್ದಿತು, ಯಾರೋ ಹಾಡಿದರು. ಹೊತ್ತು ಇಳಿಯುವಾಗ ಬರೀ ದಂಟು ನಿಂತಿತ್ತು. ಹೊಗೆಗಳ್ಳರು ಬಂದರೆ ಬರಲಿ, ಒಯ್ಯಲು ಏನಿದೆ?

ನಿಂಬೆವ್ವ ನನ್ನ ಅಂಗೈಗೂ ಒಂದಿಷ್ಟು ಹಾಕಿದಳು. ಹಿಚುಕಿದರೆ ಹಾಲು, ಬಿತ್ತಿದರೆ ಏನೂ ಅಲ್ಲ. ತಿಂದೆ. ಸಿಹಿಯಾಗಿತ್ತು, ಸುಳ್ಳು ಹೇಳಲಾರೆ.

ಕೂಸು ಹುಟ್ಟಿದೆ. ಕಿವಿ ಚೆನ್ನಾಗಿವೆ. ತಾಯಿಯ ಎದೆಯಲ್ಲಿ ಹಾಲಿಲ್ಲ.

ನಿಮ್ಮಲ್ಲಿ ಇನ್ನೂ ಗಟ್ಟಿ ಕಾಳಿದೆ. ನಿಮ್ಮ ಮನೆಯ ತಳಿಯದೇ ಒಂದು ಹಿಡಿ ಬೀಜಕ್ಕೆಂದು ಮುಚ್ಚಿಡಿ. ಅದನ್ನು ಕೇಳಲು ಕಳ್ಳರು ಬರುವುದಿಲ್ಲ. ಒಳ್ಳೆಯವರು ಬರುತ್ತಾರೆ, ನಿಮ್ಮವರೇ, ಕೈಮುಗಿದುಕೊಂಡು. ಬಸುರಿ ಕೇಳಿದರೂ ಇಲ್ಲವೆನ್ನಿ. ಪಾಪ ತಟ್ಟೀತೆಂಬ ಹೆದರಿಕೆಯಾದರೆ ತಿಪ್ಪವ್ವನ ಹೆಸರು ಹೇಳಿಬಿಡಿ. ನನಗೆ ಹೊರಲು ಬೇರೇನೂ ಉಳಿದಿಲ್ಲ.