ಮಾಳಿಗೆ ಮೇಲಿನ ಕಣಜ

ದೇವದುರ್ಗ ಮುಕ್ಕಾಂ,
ಫೆಬ್ರುವರಿ ೧೯೪೬

ಕುಂಚ ಹಿಡಿದು ಗೆದ್ದ ಅರಕೇರಾದ ವೆಂಕೋಬನಿಗೆ, ಗಂಟಲು ನಂಬಿ ಸೋತ ವಾದಿರಾಜನ ನಮಸ್ಕಾರ.

ನೀನು ಹೈದರಾಬಾದಿನ ಯಾವುದೋ ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದೀಯೆಂದು ಮೊನ್ನೆ ತಿಳಿಯಿತು. ಅದೂ ಲಂಡನ್ ಪಟ್ಟಣವಂತೆ. ಕೇಳಿದ ಕೂಡಲೇ ನನ್ನ ಎದೆಯಲ್ಲಿ ಎದ್ದ ಮೊದಲ ಮಾತು, ನೀನು ಚೆನ್ನಾಗಿದ್ದೀಯಾ ಎಂಬುದಲ್ಲ. ಆ ಲಂಡನ್ನಿನ ಮುಂದೆ ನಿಂತು ಮಾತಾಡುವ ಗಂಡು ಯಾವನು ಎಂಬುದು. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು ವೆಂಕೋಬ. ಈ ಕಾಗದವನ್ನು ಯಾರ ಕೈಯಲ್ಲೂ ಓದಿಸಬೇಡ. ನೀನೇ ಅಕ್ಷರ ಕೂಡಿಸಿಕೊಂಡು ಓದು.

ಆ ಅಕ್ಷರ ಕಲಿಸಿದವನು ನಾನೇ ಅಲ್ಲವೇ? ಗೋಡೆಗೆ ಸುಣ್ಣ ಬಳಿಯುವ ಮನೆಯಿಂದ ಬಂದ ನೀನು ನಮ್ಮ ಕಂಪನಿಯ ಬೋರ್ಡಿನ ಮೇಲೆ ಮೊಟ್ಟಮೊದಲು ಬರೆದದ್ದು ನನ್ನ ಹೆಸರು, ಆನೆಯಷ್ಟು ದೊಡ್ಡದಾಗಿ. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ತಿಂದವರು ನಾವು. ಮಾನ್ವಿಯ ಮಡಿವಂತ ಮಾಸ್ತರರಾದ ನಮ್ಮ ತಂದೆ ಅದನ್ನು ಕಂಡಿದ್ದರೆ ಮೂರು ದಿನ ಉಪವಾಸ ಮಾಡುತ್ತಿದ್ದರು. ನೀನು ನನ್ನ ಹೆಸರನ್ನು ಬರೆಯುತ್ತಿದ್ದಷ್ಟು ದಿನ ನನ್ನ ಪ್ರೀತಿಗೆ ಕೊರತೆ ಇರಲಿಲ್ಲ. ನೀನು ಒಂದು ಊರನ್ನೇ ಬರೆದೆ ನೋಡು, ಅಲ್ಲಿ ಕೆಟ್ಟಿತು.

ದಸರೆಗೆ ನಮ್ಮ ಮಾಲಿಕ ಪೀರಾ ಸಾಬರು ಹೊಸ ನಾಟಕ ಎತ್ತಿಕೊಂಡರು. ಮುತ್ತಿನ ಸಾಹುಕಾರನೊಬ್ಬ ಹೆಂಡತಿಯೊಡನೆ ಅಮೇರಿಕದ ನ್ಯೂಯಾರ್ಕಿಗೆ ಹೋಗುವ ಕಥೆ, ಸಾಹುಕಾರ ನಾನು. ಎರಡನೆಯ ಅಂಕದಲ್ಲಿ ಹೆಂಡತಿ ಕೇಳುತ್ತಾಳೆ, "ಪ್ರಾಣಕಾಂತಾ, ಲೋಕದ ಪಟ್ಟಣಗಳಲ್ಲೆಲ್ಲ ಇದೇ ಮೇಲೆಂದು ಜನ ಹೇಳುವುದೇಕೆ?" ಅದಕ್ಕೆ ನನ್ನದು ನಲವತ್ತೆರಡು ಸಾಲಿನ ಉತ್ತರ. ನಾನೇ ಬರೆದದ್ದು, ಎರಡೇ ಉಸಿರಿನಲ್ಲಿ ಹೇಳುವಂಥದ್ದು. ಮುಗಿಲಿಗೆ ಮುತ್ತಿಡುವ ಮಹಲುಗಳು, ನೆಲದ ಹೊಟ್ಟೆಯೊಳಗೆ ಗುಡುಗುವ ರೈಲುಗಳು, ಸೂರ್ಯನನ್ನು ನಾಚಿಸುವ ದೀಪಗಳು. ಪಾತ್ರೆಗಳು ಅದುರುವ ಹಾಗೆ ಅಭ್ಯಾಸ ಮಾಡಿದ್ದೆ.

ನಿನಗೆ ಸಿಕ್ಕ ಮಾದರಿ, ರಾಯಚೂರು ಸ್ಟೇಷನ್ನಿನಲ್ಲಿ ಯಾರೋ ಗೋರಾ ಸಿಪಾಯಿ ಬಿಟ್ಟುಹೋದ ಪತ್ರಿಕೆಯ ಒಂದು ಹಾಳೆ. ಅಂಗೈಯಗಲದ ಚಿತ್ರ. ಮಹಲುಗಳ ನೆತ್ತಿಯ ಮೇಲೆ ದುಂಡಗೆ, ಚೂಪು ಟೊಪ್ಪಿಗೆ ಹಾಕಿಕೊಂಡ ಏನೋ ಕಾಣುತ್ತಿದ್ದವು. ನೀನು ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು, "ಕಣಜ ಅವು ರಾಜಣ್ಣ. ಜ್ವಾಳ ತುಂಬಿಟ್ಟಾರ ನೋಡ್ರಿ" ಎಂದೆ. ನಾನೂ ನೋಡಿದೆ. ಕಣಜವಲ್ಲದೆ ಮತ್ತೇನು ಇದ್ದೀತು? ನೀನು ಒಂದೊಂದನ್ನೂ ತೊಗರಿ ಕಟ್ಟಿಗೆಯಲ್ಲಿ ಹೆಣೆದ ಹಾಗೆ, ಸಗಣಿ ಸಾರಿಸಿದ ಹಾಗೆ ಬರೆದೆ. ಕಾಳು ಇಳಿಸಲು ಬುಡದಲ್ಲಿ ಬಿಡುವ ಕಿಂಡಿಗೆ ಹಳೆ ಬಟ್ಟೆ ತುರುಕಿರುತ್ತಾರಲ್ಲ, ಅದನ್ನೂ ಮರೆಯಲಿಲ್ಲ.

ರಾಯಚೂರಿನ ಮೊದಲ ಆಟ. ಪರದೆ ಇಳಿಯಿತು. ನಾನು ನನ್ನ ಮಾತಿನ ಮೂರನೆಯ ಸಾಲಿನಲ್ಲಿದ್ದೆ. ಹೆಂಗಸರ ಕಡೆಯಿಂದ ಒಂದು ದನಿ: "ಯವ್ವಾ, ಮಾಳಿಗಿ ಮ್ಯಾಲೆ ಕಣಜ ಇಟ್ಟಾರಲ್ಲೇ." ಗಂಡಸರ ಕಡೆಯಿಂದ ಇನ್ನೊಂದು: "ಇಡಬೇಕಲ್ಲ ಮತ್ತ. ಅಷ್ಟೆತ್ತರ ಲೆವಿಯವ್ರು ಹ್ಯಾಂಗ ಏರ್ತಾರ?" ಅದೇ ವಾರ ಸರ್ಕಾರಕ್ಕೆ ಕಡ್ಡಾಯದ ಲೆವಿ ಜೋಳ ಅಳೆದುಕೊಟ್ಟು ಬಂದ ಜನ. ಇಡೀ ಡೇರೆ ನಕ್ಕಿತು. ಆಮೇಲೆ ಚಪ್ಪಾಳೆ. "ದೊಡ್ಡ ಊರಂದ್ರ ಇದಪ್ಪಾ" ಎಂದು ಯಾರೋ ನಿಟ್ಟುಸಿರು ಬಿಟ್ಟರು. ನನ್ನ ರೈಲು ಯಾರಿಗೂ ಬೇಕಾಗಲಿಲ್ಲ, ನನ್ನ ದೀಪ ಯಾರೂ ನೋಡಲಿಲ್ಲ. ಮುಂದಿನ ಸಾಲಿನ ಮುದುಕನೊಬ್ಬ, ನಾಟಕದ ನಾಯಕನಾದ ನನಗೆ, "ಸಾವ್ಕಾರ್ರ, ಸ್ವಲ್ಪ ಬಾಜೂಕ ಸರೀರಿ, ಕಾಣವಲ್ದು" ಎಂದ. ಸರಿದೆ ವೆಂಕೋಬ. ಮಹಾರಾಜರ ಪಾತ್ರ ಮಾಡಿದ ಈ ದೇಹ ಒಂದು ಬಟ್ಟೆಯ ಚಿತ್ರಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ಮಾನ್ವಿಗೆ ಹೊರಡುವ ಮುಂಚೆ ಸ್ಟೇಷನ್ನಿನಲ್ಲಿ ಅಬ್ದುಲ್ ವಹೀದ್ ಸಿಕ್ಕ. ಎಂಜಿನ್ನಿಗೆ ಎಣ್ಣೆ ಬಿಡುವವನು, ಮೊದಲು ಹಡಗಿನಲ್ಲಿ ದುಡಿದು ನ್ಯೂಯಾರ್ಕನ್ನು ಕಣ್ಣಾರೆ ಕಂಡು ಬಂದವನು. ಆಟ ನೋಡಿದ್ದನಂತೆ. "ಎಂಥಾ ಕಣಜ ಮಿಯಾ? ನೀರಿನ ಟಾಕಿ ಅವು. ಪಂಪಿನಿಂದ ಏರಸ್ತಾರ, ನಳದಾಗ ಇಳಸ್ತಾರ" ಎಂದು ನಕ್ಕ. ಸ್ನೇಹಿತನಾದವನು ಓಡಿಬಂದು ನಿನ್ನ ಕಿವಿಯಲ್ಲಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ದವಡೆಯ ಮೂಲೆಯಲ್ಲಿ ಅಡಿಕೆಯ ಹಾಗೆ ಇಟ್ಟುಕೊಂಡೆ.

ಮಾನ್ವಿಯಲ್ಲಿ ನಮ್ಮ ತಂದೆ ಆಟಕ್ಕೆ ಬಂದರು. ನಾನು ಬಣ್ಣ ಹಚ್ಚಿಕೊಂಡ ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಮಗನ ಬಗ್ಗೆ ಏನನ್ನುತ್ತಾರೋ ಎಂದು ಸಾಹುಕಾರನ ಪೇಟ ತೆಗೆಯದೆ ಕಾದು ನಿಂತೆ. ಅವರು ಅಂದದ್ದು ಒಂದೇ ಮಾತು: "ಆ ಪರದಿ ಬರದ ಹುಡುಗನ್ನ ಮನೀಗೆ ಕರಕೊಂಡು ಬಾ." ಮರುದಿನ ಬೆಳಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ನಿನ್ನನ್ನು ಕೂರಿಸಿಕೊಂಡು ಒಂದು ತಾಸು ಮಾತಾಡಿದರು. ಒಳಗೆ ಕರೆಯಲಿಲ್ಲ, ನಿಜ. ಆದರೆ ಒಳಗಿದ್ದ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಾಗಿಲ ಸಂದಿಯಿಂದ ನಿಮ್ಮಿಬ್ಬರ ನಗು ಕೇಳಿಸಿಕೊಂಡೆ. ಅಂದಿನ ಆಟದಲ್ಲಿ ನನ್ನ ಬಾಯಿಂದ ಬಂದದ್ದು ಬಾಯಿತಪ್ಪಿದ ಮಾತೆಂದು ತಿಳಿಯಬೇಡ. ನೂರು ಸಲ ಮಸೆದ ಮಾತು.

ನಲವತ್ತೆರಡನೆಯ ಸಾಲಿನ ಮೇಲೆ ನಲವತ್ತಮೂರನೆಯದೊಂದನ್ನು ಸೇರಿಸಿ, ಕೈ ಚಾಚಿ, "ಮಹಾಜನರೇ, ಅವು ಕಣಜಗಳಲ್ಲ, ನೀರಿನ ತೊಟ್ಟಿಗಳು, ಬರೆದ ಮೂಢನಿಗೆ ಗೊತ್ತಿಲ್ಲ" ಎಂದು ಗುಡುಗಿದೆ. ಪರದೆಯ ಪಕ್ಕದಲ್ಲಿ ನೀನು ಹಗ್ಗ ಹಿಡಿದು ನಿಂತಿದ್ದೆ. ನಿನ್ನ ಮುಖವನ್ನು ನೋಡಿದೆ, ಆಮೇಲೆ ನೋಡಲಿಲ್ಲ.

ನಗುತ್ತಾರೆಂದುಕೊಂಡಿದ್ದೆ. ಊರಿಗೆಲ್ಲ ನೀರು ಹೊರುವ ಬೂದೆಮ್ಮ ಎದ್ದು ನಿಂತಳು. "ಏನಂದಿ ಯಪ್ಪಾ? ನೀರು ಮಾಳಿಗಿ ಮ್ಯಾಲೆ ಇರ್ತದಾ?" ಹೌದೆಂದೆ. "ಯಾರು ಹೊರ್ತಾರ?" ಯಾರೂ ಹೊರುವುದಿಲ್ಲ, ತಾನೇ ಏರಿ ತಾನೇ ಮನೆಯೊಳಗೆ ಇಳಿಯುತ್ತದೆ ಎಂದೆ. ಬೂದೆಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು, ಕೊಡದ ಸಿಂಬಿ ಕೂರುವ ಜಾಗದಲ್ಲಿ. "ಹೊರೋರೇ ಇಲ್ಲದ ಊರು" ಎಂದಳು. ಹೆಂಗಸರೆಲ್ಲ ಎದ್ದರು. ಪರದೆಯನ್ನು ಮೂರು ಸಲ ಎತ್ತಿ ಇಳಿಸಬೇಕಾಯಿತು. ಜೋಳದ ಊರಾಗಿದ್ದಾಗ ಅದು ದೊಡ್ಡದಾಗಿತ್ತು. ನಾನು ಕೆಡವಲು ಹೋಗಿ ಇನ್ನೂ ದೊಡ್ಡದು ಮಾಡಿಬಿಟ್ಟೆ. ನಲವತ್ತೆರಡು ಸಾಲು ಬರೆದ ನನಗೆ ಹೊಳೆಯದ ಉತ್ತರ ಆ ಹೆಂಗಸಿನ ನೆತ್ತಿಗೆ ಗೊತ್ತಿತ್ತು. ಆಕೆಯ ಮೇಲೂ ಹೊಟ್ಟೆಯುರಿಯಿತು ಎಂದರೆ ನೀನು ನಂಬುತ್ತೀ.

ಬೆಳಗ್ಗೆ ನೀನಿರಲಿಲ್ಲ. ಪರದೆ ಇತ್ತು. ಹೋಗುವ ಮುಂಚೆ ನೀನು ಒಂದೊಂದು ಕಣಜದಿಂದಲೂ ಸಣ್ಣ ನಳವೊಂದನ್ನು ಬೀದಿಯವರೆಗೆ ಇಳಿಸಿ, ಅದರ ಬಾಯಿಗೆ ಒಂದೊಂದು ಕೊಡ ಇಟ್ಟಿದ್ದೆ. ಬಣ್ಣ ಇನ್ನೂ ಹಸಿ. ಮೂಢನೆಂದು ಬೈಸಿಕೊಂಡವನು ಬೈದವನ ಮಾತಿನಲ್ಲಿ ಸರಿಯಿದ್ದದ್ದನ್ನು ತೆಗೆದುಕೊಂಡು ಕೆಲಸ ಮುಗಿಸಿ ಹೋಗುವುದೆಂದರೇನು? ಇಂಥ ದೊಡ್ಡತನವನ್ನು ನಾನು ಹನ್ನೊಂದು ವರ್ಷ ನಟಿಸಿದ್ದೇನೆ, ಒಂದು ದಿನವೂ ಬಾಳಲಿಲ್ಲ. ಇನ್ನೂ ಕೇಳು. ಮಾನ್ವಿಯ ವಕೀಲರೊಬ್ಬರು ನಳಗಳನ್ನು ಮೆಚ್ಚಿ ಯಾರ ಯೋಚನೆಯೆಂದು ಕೇಳಿದಾಗ, ನಾನೇ ಹೇಳಿ ಬರೆಸಿದ್ದು ಎಂದೆ.

ಮೊನ್ನೆ ಇಲ್ಲಿಗೆ ಅರಕೇರಾದಿಂದ ನಿನ್ನ ತಾಯಿ ಕನಕಮ್ಮ ನಡೆದು ಬಂದಳು. ಹೈದರಾಬಾದಿನ ಸುದ್ದಿ ಹೇಳಿದ್ದು ಆಕೆಯೇ. "ಯಾಕ ಬಿಟ್ಟು ಹೋದಿ ಅಂದ್ರ ಬಾಯೇ ಬಿಡವಲ್ಲ. ನೀವು ಜೋಡೀಲೇ ಇದ್ದೋರು, ನೀವರ ಹೇಳ್ರಿ" ಎಂದಳು. ನೀನು ತಾಯಿಗೂ ನನ್ನ ಹೆಸರು ಹೇಳಿರಲಿಲ್ಲ. ಬೇಕಾದಷ್ಟು ಸುಳ್ಳುಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. "ಆಟಕ್ಕ ಬರ್ರಿ, ಅಲ್ಲೇ ಹೇಳ್ತೀನಿ" ಎಂದೆ.

ನಿನ್ನೆ ಹೇಳಿದೆ. ಪರದೆ ಇಳಿದ ಮೇಲೆ ನನ್ನ ನಲವತ್ತೆರಡು ಸಾಲು ಬಿಟ್ಟು, ಇದನ್ನು ಬರೆದವನು ಅರಕೇರಾದ ವೆಂಕೋಬ, ಕಣಜವೂ ಅವನದೇ, ನಳವೂ ಅವನದೇ, ಹೊಟ್ಟೆಕಿಚ್ಚಿಗೆ ಅವನನ್ನು ಮಾನ್ವಿಯಲ್ಲಿ ಮೂಢನೆಂದವನು ನಾನು ಎಂದು ಡೇರೆಯ ಕಂಬ ನಡುಗುವಂತೆ ಹೇಳಿದೆ. ಅಂಥ ಚಪ್ಪಾಳೆಯನ್ನು ನನ್ನ ಜನ್ಮದಲ್ಲಿ ಕೇಳಿಲ್ಲ. ಕೈ ಮುಗಿಯಲೆಂದು ಬಗ್ಗಿದೆ. ಬಗ್ಗಿದವನು ಓರೆಗಣ್ಣಿನಲ್ಲಿ ನೋಡಿದರೆ ಎಲ್ಲರ ಮುಖ ಕನಕಮ್ಮನ ಕಡೆ ತಿರುಗಿತ್ತು. ನನ್ನ ತಪ್ಪೊಪ್ಪಿಗೆಯ ಚಪ್ಪಾಳೆಯೂ ನಿನಗೇ ಹೋಯಿತು ವೆಂಕೋಬ, ಅದನ್ನಾದರೂ ನನಗೆ ಬಿಡಬಾರದಿತ್ತೇ.

ಬಂದರೆ ಬಾ, ಪೀರಾ ಸಾಬರು ಕಾಯುತ್ತಿದ್ದಾರೆ. ಬರದಿದ್ದರೆ ಅಲ್ಲೇ ಬೆಳೆ. ನಿನ್ನ ಬಣ್ಣದ ಬಟ್ಟಲು ಎಂದೂ ಬತ್ತದಿರಲಿ, ನಿನ್ನ ಕಣ್ಣಿಗೆ ಮುಪ್ಪು ಬಾರದಿರಲಿ ಎಂದು ಈ ಉರಿಯುವ ಹೊಟ್ಟೆಯಿಂದಲೇ ಹರಸುತ್ತೇನೆ. ಬೇರೆ ಹೊಟ್ಟೆ ನನ್ನಲ್ಲಿಲ್ಲ.

ಇಂತು, ಜನಕ್ಕೆ ನಿನ್ನ ಪರದೆ ಕಾಣಲೆಂದು ಈಗ ತಾನಾಗಿಯೇ ಬಾಜೂಕ ಸರಿದು ನಿಲ್ಲುವ,
ನಿನ್ನ ರಾಜಣ್ಣ